ಪಾರ್ಕಿನಲ್ಲಿ ಅಜ್ಜನ ಹೆಸರು

ಕೊಲ್ಲಿ ದೇಶದ ಅಲ್ ಮನ್ಸೂರಾ ಬಡಾವಣೆಯಲ್ಲಿ ನಮ್ಮ ಕಟ್ಟಡದ ಕೆಳಗೆ ಅಜ್ಜನ ಚಹಾದಂಗಡಿ ಇತ್ತು. ವಿಜಯಪುರದ ಕಡೆಯಿಂದ ನೌಕರಿಗೆಂದು ಬಂದಿಳಿದ ದಿನ ನಾನು ಮೊದಲು ಉಂಡದ್ದು ಅಲ್ಲೇ. ನಾವೆಲ್ಲ ಅಜ್ಜ ಎನ್ನುತ್ತಿದ್ದ ಅವರು ಮಂಗಳೂರು ಕರಾವಳಿಯ ಬ್ಯಾರಿ. ಮೀಸೆ ಮೂಡುವ ಮೊದಲೇ ಸರಕಿನ ಹಡಗಿನಲ್ಲಿ, ಹೆಂಚಿನ ರಾಶಿಯ ಮೇಲೆ ಮಲಗಿಕೊಂಡು ಬಂದವರು. ಮನೆಮನೆಗೆ ನೀರಿನ ಡಬ್ಬ ಹೊತ್ತರು, ಸಮುದ್ರದ ದಡದಲ್ಲಿ ಮಲಗಿದರು. ಆಮೇಲೆ ಬಂದ ಕನ್ನಡಿಗರಿಗೆಲ್ಲ ಅವರ ಅಂಗಡಿಯೇ ಮೊದಲ ವಿಳಾಸವಾಯಿತು.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಇಲ್ಲೇ ತೀರಿಕೊಂಡು ಇಲ್ಲಿಯ ಮಣ್ಣು ಸೇರಿದ್ದರು. ಶುಕ್ರವಾರದ ನಮಾಜು ಮುಗಿದ ಮೇಲೆ ನಾನು ಅಜ್ಜನನ್ನು ಕಾರಿನಲ್ಲಿ ಖಬರಸ್ತಾನಕ್ಕೆ ಕರೆದೊಯ್ದು, ಗೇಟಿನ ಹೊರಗೆ ಕಾಯುತ್ತಿದ್ದೆ.

ನಮ್ಮ ಕನ್ನಡ ಸಂಘದವರು ಅನುಮತಿ ಪಡೆದು, ಅಲ್ ವುಕೈರ್‌ನ ಒಂದು ಪಾರ್ಕಿನಲ್ಲಿ ಸಿದ್ರಾ ಗಿಡ ನೆಟ್ಟರು. ಅದು ನಮ್ಮ ಕಡೆಯ ಬಾರಿ ಹಣ್ಣಿನ, ಅಂದರೆ ಬೋರೆಯ ಜಾತಿಯದು. ಪಕ್ಕದಲ್ಲೊಂದು ಕಲ್ಲು. ಅದರ ಮೇಲೆ, ಈ ನೆಲಕ್ಕೆ ಮೊದಲು ಬಂದ ಕನ್ನಡಿಗ ಎಂದು ಅಜ್ಜನ ಹೆಸರು.

ಅಜ್ಜ ಕಲ್ಲನ್ನು ಸವರಿ ನಕ್ಕರು. “ಜೀವ ಇರುವಾಗಲೇ ಕಲ್ಲು ಹಾಕಿದಿರಲ್ಲ ಮಾರಾಯ್ರೆ! ಇನ್ನು ನಾನು ಸಾಯಲೇಬೇಕಾ ಎಂತ?”

ಅಂಗಡಿಯ ಪರವಾನಗಿ, ಅಜ್ಜನ ವೀಸಾ ಎರಡೂ ಒಬ್ಬ ವೃದ್ಧ ಅರಬನ ಹೆಸರಿನಲ್ಲಿದ್ದವು. ಆ ಬೇಸಿಗೆಯಲ್ಲಿ ಅವನು ಸತ್ತ. ಮಗ ಬಂದು, ಚಹಾ ಕುಡಿದು, ಸಂಕೋಚದಿಂದಲೇ ಹೇಳಿದ: “ಬಾಬಾ, ದುಕಾನ್ ಖಲಾಸ್.” ಅಂಗಡಿ ಮುಚ್ಚಿದರೆ ವೀಸಾವೂ ಇಲ್ಲ, ದೇಶ ಬಿಡಬೇಕು. ಹೊಸ ವೀಸಾ ಕೊಡಿಸಲು ನಾನು ಸಿಕ್ಕವರ ಬಾಗಿಲು ತಟ್ಟಿದೆ. ಎಲ್ಲ ಕಡೆ ವಯಸ್ಸು ಕೇಳಿ ಆಗದೆಂದು ತಲೆಯಾಡಿಸಿದರು. ಸಂಘದ ಕಾರ್ಯದರ್ಶಿ, “ನೋಡುವಾ, ಮೀಟಿಂಗಿನಲ್ಲಿ ಇಡ್ತೇನೆ,” ಎಂದರು. ಮೀಟಿಂಗ್ ನಡೆಯುವ ಮೊದಲೇ ಅಜ್ಜ ಊರಿಗೆ ಮರಳುವ ಟಿಕೆಟ್ ಆಯಿತು.

ಕೊನೆಯ ಶುಕ್ರವಾರ ಅಜ್ಜ ಖಬರಸ್ತಾನದ ಗೇಟಿನ ಬಳಿ ನಿಂತು, “ಇವತ್ತು ನೀವೂ ಬನ್ನಿ,” ಎಂದರು. ಒಳಗೆ ಸಾಲುಸಾಲು ಮಣ್ಣಿನ ದಿಬ್ಬಗಳು, ತಲೆಯ ಬಳಿ ಹೆಸರಿಲ್ಲದ ಗಿಡ್ಡ ಕಲ್ಲುಗಳು. ಒಂದರ ಮುಂದೆ ಅವರು ಕುಕ್ಕರಗಾಲಿನಲ್ಲಿ ಕೂತರು.

“ಇದು ಅವಳದ್ದು. ನನ್ನನ್ನೂ ಇಲ್ಲೇ ಎಲ್ಲಾದರೂ ಇಡ್ತಾರೆ ಅಂತ ಇದ್ದೆ. ಅವಳಿಗೆ ಎಂತ ಹೇಳುದು ಈಗ?”

ಬಿಸಿಗಾಳಿಗೆ ಮಣ್ಣು ಕಣ್ಣಿಗೆ ಬೀಳುತ್ತಿತ್ತು. ಅವರು ಅಳಲಿಲ್ಲ, ಎದ್ದು ನಿಲ್ಲಲು ಮಾತ್ರ ನನ್ನ ತೋಳು ಹಿಡಿಯಬೇಕಾಯಿತು.

ಮಂಗಳೂರಿನಲ್ಲಿ ತಂಗಿಯ ಮಗ ಅಜ್ಜನನ್ನು ತನ್ನ ಫ್ಲ್ಯಾಟಿಗೆ ಕರೆದೊಯ್ದ. ಮಳೆಗಾಲ ಮುಗಿಯುವ ಮೊದಲೇ ಅವನು ಫೋನ್ ಮಾಡಿದ. “ಮಾಮ ಹೋದರು. ಕೊನೆಕೊನೆಗೆ ಊಟವೇ ಬಿಟ್ಟಿದ್ದರು. ಶುಕ್ರವಾರ ಬಂದರೆ ಹೊರಡುವವರ ಹಾಗೆ ಬಟ್ಟೆ ಹಾಕಿ ಬಾಗಿಲಲ್ಲಿ ಕೂತ್ಕೊಳ್ತಿದ್ರು.” ಅಲ್ಲಿಯೇ ದಫನು ಮಾಡಿದ್ದರು.

ಸಂಘದವರು ಪಾರ್ಕಿನಲ್ಲಿ ಸಂತಾಪ ಸಭೆ ಕರೆದರು. ಕಲ್ಲಿಗೆ ಹೂವಿನ ಹಾರ ಹಾಕಿದ್ದರು. ಭಾಷಣ ಮಾಡಿದವರೆಲ್ಲ, ಅಜ್ಜ ಈ ನೆಲದಲ್ಲಿ ಬೇರು ಬಿಟ್ಟವರು ಎಂದರು. ಕೊನೆಗೆ ಕಾರ್ಯದರ್ಶಿ ನನ್ನ ಕೈಗೂ ಮೈಕ್ ಕೊಟ್ಟರು.

“ಅಜ್ಜಾರು ಇಲ್ಲೇ ಸಾಯಬೇಕು ಅಂತಿದ್ರು,” ಎಂದೆ. “ಇಲ್ಲಿ ಇರಲಿಕ್ಕ ಬಿಡಲಿಲ್ರಿ ಅವರನ್ನ.”

ಕಾರ್ಯದರ್ಶಿ ಮೆಲ್ಲಗೆ ಮೈಕ್ ತೆಗೆದುಕೊಂಡು, “ಯಲ್ಲಾ, ಬನ್ನಿ, ಬಿರಿಯಾನಿ ಬಂದಿದೆ, ತಣ್ಣಗಾಗ್ತದೆ,” ಎಂದರು. ಎಲ್ಲರೂ ಎದ್ದರು. ನನಗೂ ಹಸಿವಾಗಿತ್ತು. ಪ್ಲೇಟ್ ಹಿಡಿದು ಸಾಲಿನಲ್ಲಿ ನಿಂತೆ.