ಎಡಗಡೆಯ ಕೋನ್‌ಗಳು

ಬುಗುರಿ ಕಣ್ಣು ಮುಚ್ಚಿಕೊಂಡೇ ಕಾರು ಸುತ್ತಿಸುತ್ತಾನೆ ಎಂಬ ಮಾತು ಹಬ್ಬಿ ಬಹಳ ಕಾಲವಾಯಿತು. ನಿಂತಲ್ಲೇ ಕಾರನ್ನು ಗಿರಗಿರನೆ ತಿರುಗಿಸುವ ಆ ಸ್ಟಂಟ್ ಚಾಲಕನಿಗೆ ಬುಗುರಿಯೆಂಬ ಹೆಸರು ಕೊಟ್ಟವರೂ ಈ ಮಾತು ಹಬ್ಬಿಸಿದ ಪ್ರೇಕ್ಷಕರೇ. ಅವರಲ್ಲಿ ಯಾರೂ ಅವನ ಪಕ್ಕದ ಸೀಟಿನಲ್ಲಿ ಕೂತವರಲ್ಲ. ಕೂತಿದ್ದರೆ, ಹೆಲ್ಮೆಟ್ಟಿನೊಳಗೆ ಅವನು ರೆಪ್ಪೆ ಬಡಿಯುವುದನ್ನೂ ಮರೆತಿರುವುದು ಕಾಣುತ್ತಿತ್ತು. ಅವನಷ್ಟು ಪುಕ್ಕಲ ಚಾಲಕ ಆ ಕಸುಬಿನಲ್ಲಿ ಇನ್ನೊಬ್ಬನಿಲ್ಲ; ಹತ್ತೊಂಬತ್ತು ವರ್ಷ ಮೈಮೇಲೆ ಗೀರೂ ಬೀಳದೆ ಉಳಿದಿರುವುದು ಆ ಪುಕ್ಕಲುತನದಿಂದಲೇ.

ಪ್ರದರ್ಶನಕ್ಕೆ ಮುನ್ನ ಅವನು ಬೂಟು ಕಳಚಿ ಮೈದಾನವನ್ನೆಲ್ಲ ಬರಿಗಾಲಲ್ಲಿ ಸುತ್ತುತ್ತಾನೆ. ಒಂದು ಜಲ್ಲಿಕಲ್ಲೋ ಅಂಗೈಯಗಲದ ಎಣ್ಣೆಕಲೆಯೋ ಕಾಲಿಗೆ ತಗುಲಿದರೆ, ಆ ಜಾಗ ಶುಚಿಯಾಗುವವರೆಗೆ ಕಾರು ಹತ್ತುವುದಿಲ್ಲ. ಕಾರು ತಿರುಗುವ ವೃತ್ತದ ಸುತ್ತ ರಬ್ಬರ್ ಕೋನ್‌ಗಳು. ಅವುಗಳಿಂದ ಮೂವತ್ತು ಹೆಜ್ಜೆ ಆಚೆ ಜನರನ್ನು ತಡೆಯುವ ಹಗ್ಗ. ನಡುವಿನ ಜಾಗದಲ್ಲಿ ಕೆಂಪು ಬಟ್ಟೆ ಹಿಡಿದು ನಿಲ್ಲುವವಳು ಅವನ ಅಕ್ಕ. ಬಟ್ಟೆ ಮೇಲೆದ್ದರೆ ಕಾರು ನಿಲ್ಲಬೇಕು, ಕಾರಣ ಕೇಳಕೂಡದು. ಈ ಕರಾರು ಒಮ್ಮೆಯೂ ಮುರಿದಿರಲಿಲ್ಲ.

ಮೂರು ತಿಂಗಳ ಹಿಂದೆ ಮೊದಲ ಕೋನ್ ಬಿತ್ತು. ಆಮೇಲೆ ಇನ್ನೊಂದು. ಮೂರನೆಯದು ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾಯಿತು. ಅಕ್ಕ ಅದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ, ಪಾತ್ರೆಗಳ ಪಕ್ಕ ಇಟ್ಟಳು.

“ಇದೇನಕ್ಕ, ಬೇಯಿಸ್ತೀಯಾ ಇದನ್ನ?”

“ನೀನು ತಿನ್ನೋದಾದ್ರೆ ಬೇಯಿಸ್ತೀನಿ. ಹೇಗೆ ಬಿತ್ತು ಹೇಳು ಮೊದ್ಲು.”

“ಟೈರಲ್ಲಿ ಗಾಳಿ ಕಮ್ಮಿ ಇತ್ತು ಕಣಕ್ಕ.”

“ಮೂರು ಸಲನೂ ಎಡಗಡೆದೇ ಬಿದ್ದಿದೆ. ನಿನ್ನ ಗಾಳಿಗೆ ಬಲಗಡೆ ಅಂದ್ರೆ ಅಷ್ಟು ಮರ್ಯಾದೆನಾ?”

ಅವನು ನಗುತ್ತಲೇ ತಟ್ಟೆ ಎಳೆದುಕೊಂಡ. ಎಡಗಡೆಯಿದ್ದ ನೀರಿನ ಲೋಟ ಮೊಣಕೈಗೆ ತಗುಲಿ ಉರುಳಿತು. ಲೋಟ ಅಲ್ಲಿತ್ತೆಂದು ಅವನಿಗೆ ತಿಳಿದದ್ದು ಸದ್ದಿನಿಂದ. ಅಕ್ಕ ನೆಲ ಒರೆಸಿದಳು. ಎಡಗಣ್ಣು ಹೋಗುತ್ತಿದೆಯೆಂದು ಅವಳಿಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ಅವನಿಗೆ ಎಷ್ಟು ದಿನದಿಂದ ಗೊತ್ತಿತ್ತೋ. ವೈದ್ಯರ ಬಳಿ ಹೋದರೆ ಲೈಸೆನ್ಸ್ ಹೋಗುತ್ತದೆ. ಅವನಿಗೆ ಬರುವುದು ಇದೊಂದೇ ಕೆಲಸ.

ಆಮೇಲಿನ ಪ್ರದರ್ಶನಗಳಲ್ಲಿ ಅವನು ಬಲಕ್ಕೆ ಮಾತ್ರ ತಿರುಗಿದ. ಅವಳು ಅವನಿಗೆ ಹೇಳದೆ ಹಗ್ಗವನ್ನು ಪ್ರತಿ ಸಲ ಎರಡೆರಡು ಹೆಜ್ಜೆ ಹಿಂದಕ್ಕೆ ಸರಿಸಿದಳು. ಹೀಗೆಯೇ ಇನ್ನಷ್ಟು ದಿನ ತಳ್ಳುತ್ತಿದ್ದರೇನೋ. ಅಷ್ಟರಲ್ಲಿ ಪ್ರದರ್ಶನದ ಮಾಲೀಕರು ಬಂದು, ಬರುವ ಭಾನುವಾರ ಎರಡು ಶಾಲೆಗಳ ಮಕ್ಕಳು ಹಗ್ಗದ ಅಂಚಿಗೇ ಕೂರುತ್ತಾರೆ, ಎಡಕ್ಕೂ ಬಲಕ್ಕೂ ಸುತ್ತಬೇಕು ಎಂದರು. ಅವನು “ಆಯ್ತು ಸಾರ್” ಎಂದ.

ಇಂದು ಬೆಳಿಗ್ಗೆ ಖಾಲಿ ಮೈದಾನದಲ್ಲಿ ಅಭ್ಯಾಸವಿತ್ತು. ಅಕ್ಕ ಕಾರಿನ ಎಡಬದಿಗೆ ನಿಂತು, ಕಾರು ಹೊರಡುವ ಮೊದಲೇ ಬಟ್ಟೆಯನ್ನು ತಲೆಯ ಮೇಲೆತ್ತಿ ಹಿಡಿದಳು. ಕಾರು ಹೊರಟಿತು. ಅವಳನ್ನು ಹಾದು ವೃತ್ತದೊಳಗೆ ನುಗ್ಗಿತು; ಟೈರುಗಳು ಕಿರುಚಿದವು. ತಿರುಗುತ್ತ ತಿರುಗುತ್ತ ಕಾರಿನ ಮೂತಿ ಅವಳತ್ತ ಬಂದಾಗಲಷ್ಟೇ ಅವನಿಗೆ ಕೆಂಪು ಕಂಡದ್ದು. ನಿಲ್ಲಿಸಿದ. ಸುಟ್ಟ ರಬ್ಬರಿನ ಹೊಗೆ ಇಬ್ಬರ ನಡುವೆ ನಿಧಾನವಾಗಿ ತೆಳುವಾಯಿತು.

“ಯಾವಾಗ ಎತ್ತಿದೆ?”

“ನೀನು ಕೀಲಿ ತಿರುಗಿಸೋಕೆ ಮುಂಚೆ.”

“ಬಿಸಿಲು ಕಣ್ಣಿಗೆ ಹೊಡೀತು ಕಣಕ್ಕ.”

“ಮೋಡ ಇದೆ ಕಣೋ.”

ಅವನು ಹೆಲ್ಮೆಟ್ ಕಳಚಿ ತೊಡೆಯ ಮೇಲಿಟ್ಟುಕೊಂಡ. “ಇದೊಂದು ಭಾನುವಾರ ಬಿಟ್ಬಿಡು. ಆಮೇಲೆ ನೀನು ಹೇಳಿದ ಡಾಕ್ಟರ ಹತ್ರ ಬರ್ತೀನಿ.”

“ಹಗ್ಗದ ಹತ್ರ ಕೂತ ಮಕ್ಕಳಿಗೂ ಹೀಗೇ ಹೇಳ್ತೀಯಾ, ಇದೊಂದು ಭಾನುವಾರ ಅಂತ?”

ಅವಳು ಕಿಟಕಿಯೊಳಗೆ ಕೈ ಹಾಕಿ ಕೀಲಿ ಕಿತ್ತುಕೊಂಡಳು.

ಭಾನುವಾರಕ್ಕೆ ಇನ್ನು ಮೂರು ದಿನವಿದೆ. ಮಾಲೀಕರಿಗೆ ಅವನು ಏನನ್ನೂ ತಿಳಿಸಿಲ್ಲ. ನಾಳೆ ತಾನೇ ಹೋಗಿ ಹೇಳುವುದಾಗಿ ಅಕ್ಕ ಅವನಿಗೆ ತಿಳಿಸಿದ್ದಾಳೆ. ಕಾರು ಶೆಡ್ಡಿನಲ್ಲಿದೆ, ಕೀಲಿ ಅವಳ ಬಳಿ ಇದೆ. ಆ ಕಾರಿಗೆ ಇನ್ನೊಂದು ಕೀಲಿಯೂ ಇದೆ. ಮಧ್ಯಾಹ್ನದಿಂದ ಅವಳು ಅದನ್ನು ಮನೆಯಲ್ಲೆಲ್ಲ ಹುಡುಕಿದ್ದಾಳೆ, ಸಿಕ್ಕಿಲ್ಲ.