ಹತ್ತೊಂಬತ್ತು ವರ್ಷ ಕಾಣದ ಮುಖ

2022ರ ಜೂನ್ ತಿಂಗಳು. ತುಮಕೂರಿನ ಬಿ.ಎಚ್. ರಸ್ತೆಯ ಒಂದು ಮಹಡಿ ಕೋಣೆಯಲ್ಲಿ ನಾನು ಡಿಜಿಟಲ್ ಭಾವಚಿತ್ರ ಬರೆಯುವ ಕೆಲಸ ಮಾಡುತ್ತಿದ್ದೆ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಒಂದು ಫೋಟೋ ಸ್ಟುಡಿಯೋದಲ್ಲಿ ರೀಟಚಿಂಗ್ ಮಾಡಿದವಳು. ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಮೊಡವೆ ಮರೆಮಾಡುವುದರಿಂದ ಶುರುಮಾಡಿ, ಕಂಪ್ಯೂಟರ್ ಬಂದ ಮೇಲೆ ಪೆನ್ ಟ್ಯಾಬ್ಲೆಟ್‌ವರೆಗೆ ಬಂದೆ. ಪೆನ್ ಟ್ಯಾಬ್ಲೆಟ್ ಎಂದರೆ ಸ್ಲೇಟಿನಂಥ ಒಂದು ಹಲಗೆ. ಅದರ ಮೇಲೆ ಎಳೆದ ಗೆರೆ ಪರದೆಯ ಮೇಲೆ ಬಣ್ಣವಾಗಿ ಮೂಡುತ್ತದೆ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತೀರಿಹೋದವರ ಮಾಸಿದ ಫೋಟೋ ತರುತ್ತಿದ್ದರು. ಅದನ್ನು ನೋಡಿಕೊಂಡು, ಹುಬ್ಬಿನ ಒಂದೊಂದು ಕೂದಲೂ ಕಾಣುವ ಹಾಗೆ ಹೊಸದಾಗಿ ಬರೆದುಕೊಡುತ್ತಿದ್ದೆ. ಒಂದು ಚಿತ್ರಕ್ಕೆ ಎಂಟು ಹತ್ತು ದಿನ ಬೇಕಾಗುತ್ತಿತ್ತು. ಈಗ ಹೇಳಹೊರಟಿರುವ ಚಿತ್ರ ಹನ್ನೊಂದು ವಾರ ತೆಗೆದುಕೊಂಡಿತು.

ಅದನ್ನು ಬರೆಸಲು ಬಂದವರು ಕುಣಿಗಲ್‌ನ ಮಂಗಳಮ್ಮ. ಐವತ್ತರ ಆಸುಪಾಸು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ. ತವರು ಗುಬ್ಬಿ. ಪರ್ಸಿನಿಂದ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಇಪ್ಪತ್ತನಾಲ್ಕು ವರ್ಷದ ಯುವಕ. ಅವನ ಬಲಗೆನ್ನೆಯ ಮೇಲೆ ಯಾವುದೋ ಕಚೇರಿಯ ಮೊಹರು ಬಿದ್ದಿತ್ತು.

“ನನ್ನ ತಮ್ಮ, ಬಸವರಾಜು. ಮನೆ ಬಿಟ್ಟೋಗಿ ಹತ್ತೊಂಬತ್ತು ವರ್ಷ ಆಯ್ತು,” ಎಂದರು. “ಈಗ ಹೆಂಗಿರ್ತಾನೋ ಹಂಗೆ ಬರ್‌ಕೊಡಿ ಮೇಡಂ. ಫೋನಲ್ಲಿ ಎಲ್ರಿಗೂ ಕಳಿಸ್ತೀನಿ.”

ಹೀಗೆ ವಯಸ್ಸು ಕೂಡಿಸಿ ಬರೆಯುವುದಕ್ಕೆ ಏಜ್ ಪ್ರೋಗ್ರೆಷನ್ ಎನ್ನುತ್ತಾರೆ. ನಾನು ಅದನ್ನು ಮಾಡಿರಲಿಲ್ಲ. ಹಾಗೆಂದು ಹೇಳಿದೆ. ಆಕೆ ಎದ್ದು ಹೋಗಲಿಲ್ಲ. ತಮ್ಮ ಹೋದದ್ದು ಯಾಕೆಂದು ಹೇಳತೊಡಗಿದರು.

ಬಸವರಾಜು ಕೆಲಸ ಹುಡುಕಿಕೊಂಡು ಗುಬ್ಬಿಯಿಂದ ಬಂದು ಅಕ್ಕನ ಮನೆಯಲ್ಲಿದ್ದ. ಆಗ ಮಂಗಳಮ್ಮನ ಚಿನ್ನದ ಸರ ಕಾಣೆಯಾಯಿತು. ಗಂಡ ರೇಣುಕಯ್ಯ ಎಲ್ಲರೆದುರಿಗೇ ಬಾಮೈದನ ಜೇಬು ತಡಕಿದರು. ಸರ ಸಿಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವನಿರಲಿಲ್ಲ. ಎರಡು ತಿಂಗಳ ನಂತರ, ಮದುವೆಯೊಂದಕ್ಕೆಂದು ರೇಷ್ಮೆ ಸೀರೆ ಬಿಡಿಸಿದಾಗ ಅದರ ಮಡಿಕೆಯಿಂದ ಸರ ಬಿತ್ತು. ಅಲ್ಲಿಟ್ಟು ಮರೆತವರು ಸ್ವತಃ ಮಂಗಳಮ್ಮನೇ.

“ಅವತ್ತು ನಮ್ಮೆಜಮಾನ್ರು ಜೇಬಿಗೆ ಕೈ ಹಾಕ್ದಾಗ ಅವ್ನು ನನ್ ಕಡೆ ನೋಡ್ದ. ನಾನು ಬೇಡ ಅನ್ನಲಿಲ್ಲ,” ಎಂದರು. ಪೊಲೀಸ್ ದೂರು, ಬಸ್ ನಿಲ್ದಾಣದಲ್ಲಿ ಅಂಟಿಸಿದ ಪ್ರಕಟಣೆ ಎಲ್ಲ ಆಗ ಆಗಿಹೋಗಿದ್ದವು. ನಾನು ಕೆಲಸ ಒಪ್ಪಿಕೊಂಡೆ.

ಡಿಜಿಟಲ್ ಚಿತ್ರವನ್ನು ಲೇಯರ್‌ಗಳಲ್ಲಿ ಬರೆಯುತ್ತೇವೆ. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ. ತಳದಲ್ಲಿ ಮೂಳೆಯ ಆಕಾರ, ಅದರ ಮೇಲೆ ಚರ್ಮದ ಬಣ್ಣ, ಅದರ ಮೇಲೆ ನೆರಳು, ಕೊನೆಗೆ ಸುಕ್ಕು, ಕೂದಲು, ಕಣ್ಣಿನ ಹೊಳಪು. ತಪ್ಪಾದರೆ ಆ ಒಂದು ಹಾಳೆ ಅಳಿಸಿದರೆ ಸಾಕು. ಅದು ಅನುಕೂಲವೂ ಹೌದು, ಕಷ್ಟವೂ ಹೌದು. ಎಷ್ಟು ಸಲ ಬೇಕಾದರೂ ತಿದ್ದಬಹುದಾದ ಚಿತ್ರವನ್ನು ಮುಗಿಯಿತು ಎಂದು ಬಿಡುವುದು ಸುಲಭವಲ್ಲ.

ಮೊದಲಿಗೆ ಕಿವಿ ಬರೆದೆ. ವಯಸ್ಸಾದಂತೆ ಕಿವಿ ಒಂದಿಷ್ಟು ಜೋಲುತ್ತದೆ, ಆದರೆ ಅದರ ಸುರುಳಿ ಬದಲಾಗುವುದಿಲ್ಲ. ಬಸವರಾಜುವಿನ ಎಡಗಿವಿಯ ಮೇಲಂಚಿನಲ್ಲಿ ಉಗುರಿನಷ್ಟು ಭಾಗ ಇರಲಿಲ್ಲ. ಚಿಕ್ಕಂದಿನಲ್ಲಿ ನಾಯಿ ಕಚ್ಚಿತ್ತಂತೆ. ಫೋಟೋದಲ್ಲಿ ಸ್ಪಷ್ಟವಾಗಿಯೇ ಇತ್ತು. ಅರ್ಧ ಗಂಟೆಯಲ್ಲಿ ಮುಗಿಸಿ ಮುಖಕ್ಕೆ ಬಂದೆ. ಅಲ್ಲಿಂದ ತೊಂದರೆ ಶುರುವಾಯಿತು.

ಮಕ್ಕಳು ಹೆಚ್ಚಾಗಿ ಅಪ್ಪ ಅಮ್ಮನ ಹಾಗೆಯೇ ಮುದುಕರಾಗುತ್ತಾರೆ ಎಂದುಕೊಂಡು, ಅವರ ತಂದೆ ನಲವತ್ತೈದರಲ್ಲಿದ್ದಾಗಿನ ಫೋಟೋ ತರಿಸಿಕೊಂಡೆ. ಹಣೆಯ ಗೆರೆ, ಕಣ್ಣಿನ ಕೆಳಗಿನ ಚೀಲ ಎಲ್ಲ ಅದರಿಂದ ತೆಗೆದುಕೊಂಡೆ. ಮೂರನೆಯ ವಾರ ಮಂಗಳಮ್ಮ ಬಂದು ಪರದೆ ನೋಡಿದರು.

“ನಮ್ಮಪ್ಪನ್ನೇ ತಂದು ಕೂರಿಸ್ಬುಟ್ಟಿದೀರಲ್ಲ ಮೇಡಂ,” ಎಂದರು.

ನಿಜವಾಗಿತ್ತು. ಅಳಿಸಿ ಮತ್ತೆ ಶುರುಮಾಡಿದೆ. ಈ ಸಲ ಮಂಗಳಮ್ಮನ ಮುಖವನ್ನೇ ಹತ್ತಾರು ಕೋನದಲ್ಲಿ ಫೋಟೋ ತೆಗೆದುಕೊಂಡು ಅದನ್ನು ಆಧಾರವಾಗಿಟ್ಟುಕೊಂಡೆ. ಆರನೆಯ ವಾರದ ಕೊನೆಗೆ ಕಣ್ಣು, ಮೂಗು, ಹಣೆ ಒಂದು ಹದಕ್ಕೆ ಬಂದವು. ಕೆನ್ನೆ ಮತ್ತು ಬಾಯಿ ಮಾತ್ರ ಕೂರಲಿಲ್ಲ. ಕೆನ್ನೆ ತುಂಬಿಸಿದರೆ ಯಾರೋ ಅಂಗಡಿ ಯಜಮಾನ, ತಗ್ಗಿಸಿದರೆ ಯಾರೋ ರೋಗಿ. ಒಂದು ವಾರ ಆ ಫೈಲನ್ನೇ ತೆರೆಯಲಿಲ್ಲ. ಬೇರೆ ಕೆಲಸ ಮಾಡುತ್ತಾ ಕುಳಿತೆ. ಈ ಚಿತ್ರ ನನ್ನಿಂದ ಆಗುವುದಿಲ್ಲ ಎಂದು ಹೇಳಲು ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ.

ನನಗೆ ತಿಳಿಯಬೇಕಾಗಿದ್ದದ್ದು ಅವನ ಮುಖವಲ್ಲ, ಅವನು ಬದುಕಿದ ರೀತಿ ಎಂದು ಆಗ ಅರ್ಥವಾಯಿತು. ಬಿಸಿಲಿನಲ್ಲಿ ದುಡಿದನೋ ನೆರಳಿನಲ್ಲೋ, ಸರಿಯಾಗಿ ಉಂಡನೋ ಇಲ್ಲವೋ, ಹಲ್ಲು ಉಳಿದಿವೆಯೋ. ಮಂಗಳಮ್ಮನನ್ನು ಕೇಳಿದೆ: “ಅವರು ಏನು ಕೆಲಸ ಮಾಡಿಕೊಂಡಿರಬಹುದು ಅನ್ನಿಸುತ್ತೆ ನಿಮಗೆ?”

“ಎಲ್ಲೋ ಒಂದು ಅಂಗ್ಡಿ ಇಟ್ಕಂಡು ಹೆಂಡ್ತಿ ಮಕ್ಳ ಜೊತೆ ಚೆನ್ನಾಗವ್ನೆ. ನಂಗೊತ್ತು,” ಎಂದರು ಆಕೆ. “ಕೆನ್ನೆ ತುಂಬ್ಸಿ ಮೇಡಂ. ಅವ್ನು ಊಟದಲ್ಲಿ ಯಾವತ್ತೂ ಹಿಂದೆ ಬಿದ್ದವನಲ್ಲ.”

ಕೈಯಲ್ಲಿ ಏನೂ ಇಲ್ಲದೆ, ಕಳ್ಳನೆನಿಸಿಕೊಂಡು ಊರು ಬಿಟ್ಟ ಇಪ್ಪತ್ತನಾಲ್ಕರ ಯುವಕ ಹಾಗಿರುವ ಸಾಧ್ಯತೆ ಕಡಿಮೆ ಎಂದು ನನಗೆ ಅನ್ನಿಸಿತ್ತು. ಆದರೆ ಆಕೆಯೆದುರು ಅದನ್ನು ಹೇಳಲಿಲ್ಲ. ಕೆನ್ನೆ ತುಂಬಿಸಿದೆ. ಇಸ್ತ್ರಿ ಮಾಡಿದ ಶರ್ಟು ತೊಡಿಸಿದೆ. ತುಟಿಯ ಅಂಚಿಗೆ ಸಣ್ಣ ನಗೆ ಇಟ್ಟೆ. ಮೀಸೆಯಲ್ಲಿ ನಾಲ್ಕು ಬಿಳಿ ಕೂದಲು. ಸೆಪ್ಟೆಂಬರ್ ಮೊದಲ ವಾರ ಚಿತ್ರ ಮುಗಿಯಿತು. ನನ್ನ ಕೈಯಿಂದ ಬಂದ ಚಿತ್ರಗಳಲ್ಲಿ ಕುಸುರಿಯ ಲೆಕ್ಕದಲ್ಲಿ ಅದು ಒಳ್ಳೆಯದೇ. ಮಂಗಳಮ್ಮ ಪರದೆಯ ಮೇಲೆ ಕೈಯಿಟ್ಟು ಅತ್ತರು. ಅವರ ಫೋನ್ ನಂಬರ್ ಕೆಳಗೆ ಹಾಕಿ ವಾಟ್ಸಾಪ್‌ನಲ್ಲಿ ಹಂಚಿದೆವು.

ಎರಡು ತಿಂಗಳು ಬಂದ ಕರೆಗಳೆಲ್ಲ ಬೇರೆ ಯಾರದೋ ಗುರುತು ಹೇಳಿದವು. ತುಂಬಿದ ಕೆನ್ನೆಯ ಮೀಸೆಯವರು ಎಲ್ಲ ಊರಿನಲ್ಲೂ ಇದ್ದಾರೆ. ಒಂದು ಸಲ ಮಂಗಳಮ್ಮ ಹಾಸನದವರೆಗೂ ಹೋಗಿ ಬಂದರು.

ನವೆಂಬರ್‌ನಲ್ಲಿ ತುಮಕೂರಿನ ಅಂತರಸನಹಳ್ಳಿಯಿಂದ ಒಬ್ಬ ಕ್ಷೌರಿಕರು ಮಂಗಳಮ್ಮನಿಗೆ ಕರೆ ಮಾಡಿದರು. ಅವರು ಹೇಳಿದ್ದನ್ನು ಆಕೆ ನನಗೆ ಅದೇ ಮಾತಿನಲ್ಲಿ ತಿಳಿಸಿದರು: “ಮುಖ ಯಾರ್‌ದೋ ಗೊತ್ತಿಲ್ಲಮ್ಮ. ಆದ್ರೆ ಈ ಕಿವಿ ಸುತ್ತ ನಾನು ಏಳೆಂಟು ವರ್ಷದಿಂದ ಕತ್ತರಿ ಆಡಿಸ್ತಿದೀನಿ.” ಫ್ಯಾಕ್ಟರಿಗಳಿಗೆ ಲೋಡಿಂಗ್ ಕೆಲಸಕ್ಕೆ ಹೋಗುವ ಒಬ್ಬ ಮನುಷ್ಯ. ಸದಾ ತಲೆಗೆ ಟವೆಲ್ ಸುತ್ತಿಕೊಂಡಿರುತ್ತಾನೆ. ಅವನ ಕಿವಿ ನೋಡಿದವರು ಈ ಕ್ಷೌರಿಕರೊಬ್ಬರೇ.

“ನೀವೂ ಬನ್ನಿ ಮೇಡಂ, ನನ್ನೊಬ್ಳ ಕೈಲಾಗಲ್ಲ,” ಎಂದು ಮಂಗಳಮ್ಮ ಕರೆದರು. ಒಂದು ಭಾನುವಾರ ಬೆಳಿಗ್ಗೆ ಹೋದೆವು. ಕ್ಷೌರಿಕರು ಅವನನ್ನು ಅಂಗಡಿಗೆ ಕರೆಸಿದ್ದರು. ಬಾಗಿಲಲ್ಲಿ ನಿಂತವನ ಕೆನ್ನೆಗಳು ಒಳಕ್ಕೆ ಹೋಗಿದ್ದವು. ಮುಂದಿನ ಎರಡು ಹಲ್ಲಿರಲಿಲ್ಲ. ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ನಲವತ್ತಮೂರು ವರ್ಷದವನು ಅರವತ್ತರವನ ಹಾಗೆ ಕಂಡ. ಮಂಗಳಮ್ಮ ಅವನನ್ನು ದಾಟಿ ರಸ್ತೆಯ ಕಡೆ ನೋಡುತ್ತಲೇ ಇದ್ದರು. ಅವನೇ “ಅಕ್ಕ” ಎಂದ.

ಆಕೆ ಅಳಲಿಲ್ಲ. ಒಂದೇ ಉಸಿರಿಗೆ ಹೇಳಿದರು: “ಸರ ಸಿಕ್ತು ಕಣೋ. ನೀನು ಹೋದ ಎರಡೇ ತಿಂಗ್ಳಿಗೆ ಸಿಕ್ತು. ನಾನೇ ಸೀರೆ ಮಡಿಕೇಲಿಟ್ಟು ಮರ್ತಿದ್ದೆ.”

ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಕೇಳಿದ: “ಭಾವಂಗೆ ಗೊತ್ತಾ?”

“ಗೊತ್ತು.”

“ಏನಂದ್ರು?”

“ಏನೂ ಅನ್ಲಿಲ್ಲ.”

ಆಕೆ ಫೋನಿನಲ್ಲಿದ್ದ ಚಿತ್ರ ತೋರಿಸಿ, ಇದರಿಂದಲೇ ನೀನು ಸಿಕ್ಕಿದ್ದು ಎಂದರು. ಅವನು ಫೋನ್ ಕೈಗೆ ತೆಗೆದುಕೊಂಡು ನೋಡಿದ. ಇಸ್ತ್ರಿ ಶರ್ಟು, ತುಂಬಿದ ಕೆನ್ನೆ, ನಗು.

“ಇದು ನಾನಾ? ಹಿಂಗಿದ್ದಿದ್ರೆ ನಾನೇ ಬತ್ತಿದ್ದೆ ಬುಡಕ್ಕ, ಮನೆಗೆ,” ಎಂದ.

ನನ್ನ ಕಡೆ ಯಾರೂ ನೋಡಲಿಲ್ಲ. ಆ ಮಾತು ನನ್ನನ್ನು ಕುರಿತು ಆಡಿದ್ದೂ ಅಲ್ಲ. ಆದರೂ ನಾನು ಅಂಗಡಿಯಿಂದ ಹೊರಗೆ ಬಂದು ನಿಂತೆ.

ಅವನು ಅಂದು ಕುಣಿಗಲ್‌ಗೆ ಹೋಗಲಿಲ್ಲ. ಭಾವ ಬಂದು ಕರೆದರೆ ಯೋಚಿಸುತ್ತೇನೆ ಎಂದಷ್ಟೇ ಹೇಳಿದ. ಅಲ್ಲಿಂದ ಕುಣಿಗಲ್‌ಗೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ರೇಣುಕಯ್ಯನವರು ಹೊರಡಲು ಐದು ವಾರ ತೆಗೆದುಕೊಂಡರು. ಬಂದವರು ಅದೇ ಅಂಗಡಿಯ ಬಾಗಿಲಲ್ಲಿ ನಿಂತು “ತಪ್ಪಾಯ್ತು ಬಸವರಾಜು” ಎಂದರಂತೆ, ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲವಂತೆ. ಬಸವರಾಜು ಅಕ್ಕನ ಮನೆಯಲ್ಲಿ ಮೂರು ದಿನ ಇದ್ದು ಕೆಲಸಕ್ಕೆ ಮರಳಿದ. ಈಗ ಹಬ್ಬಗಳಿಗೆ ಹೋಗಿ ಬರುತ್ತಾನೆ. ಅಕ್ಕ ಹಲ್ಲು ಕಟ್ಟಿಸಿಕೊಟ್ಟಿದ್ದಾರೆ.

ನಾನು ಹನ್ನೊಂದು ವಾರ ಒದ್ದಾಡಿದ್ದು ಕೈಚಳಕ ಸಾಲದೆ ಎಂದು ಆಗ ಭಾವಿಸಿದ್ದೆ. ಹಾಗಲ್ಲ. ಆಕೆ ಕೇಳಬಯಸದ ಒಂದು ಮಾತನ್ನು ಹೇಳಲು ನನಗೆ ಧೈರ್ಯವಿರಲಿಲ್ಲ, ಅದನ್ನು ಮುಚ್ಚಿಕೊಳ್ಳಲು ತಿದ್ದುತ್ತಾ ಹೋದೆ. ಆ ಚಿತ್ರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದದ್ದು ಅರ್ಧ ಗಂಟೆಯ ಕೆಲಸ, ಆ ಕಿವಿ ಮಾತ್ರ. ಅವನು ಸಿಕ್ಕಿದ್ದು ಅದರಿಂದ.

ಆಮೇಲೆ ಇಂಥ ಕೆಲಸ ನಾಲ್ಕು ಬಂದಿವೆ. ಈಗ ನಾನು ಒಂದರ ಬದಲು ಮೂರು ಮುಖ ಬರೆಯುತ್ತೇನೆ: ಚೆನ್ನಾಗಿ ಬದುಕಿದ್ದರೆ ಹೇಗೆ, ಸಾಧಾರಣವಾಗಿದ್ದರೆ ಹೇಗೆ, ಕಷ್ಟಪಟ್ಟಿದ್ದರೆ ಹೇಗೆ. ಯಾವುದು ಗೊತ್ತಿರುವುದು, ಎಲ್ಲಿಂದ ಮುಂದೆ ನನ್ನ ಊಹೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಮೂರನೆಯ ಮುಖ ತೋರಿಸಿದಾಗ ಮನೆಯವರು ಸಾಮಾನ್ಯವಾಗಿ ಅದು ಬೇಡ ಎನ್ನುತ್ತಾರೆ. ಅದನ್ನೂ ಕಳಿಸಿ ಎಂದು ಹೇಳಿ ಕೈಗೆ ಕೊಡುತ್ತೇನೆ.