ಜ್ವಾಲಾಮುಖಿಯ ಮೇಲೆ ಒಂದು ಗುಟುಕು ನೀರು

ಒಣದ್ರಾಕ್ಷಿಗೆ ಆ ಹೊಂಬಣ್ಣ ಬರುವುದು ಗಂಧಕದ ಹೊಗೆಯಿಂದ ಎಂಬ ಸತ್ಯವನ್ನು ನಮ್ಮ ಕಡೆಯ ವ್ಯಾಪಾರಿಗಳು ಗಿರಾಕಿಗಳ ಮುಂದೆ ಸಾರುವುದಿಲ್ಲ. ಸಾಂಗಲಿಯ ಪೇಟೆಯಲ್ಲಿ ನಾನೂ ಕಿರಾಣಿ ಅಂಗಡಿ ಇಟ್ಟವನಾದ್ದರಿಂದ ನಿಮ್ಮ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದೇನೆ. ಇಂದು ನಸುಕಿನಲ್ಲಿ ಮಾಲು ನೋಡಲೆಂದು ಆರಗಕ್ಕೆ ಹೋಗಿದ್ದೆ. ಆರಗ ನನ್ನ ಹೆಂಡತಿಯ ತವರು, ಅವಳೂ ಜೊತೆಗಿದ್ದಳು. ದ್ರಾಕ್ಷಿ ಒಣಗಿಸುವ ಶೆಡ್ಡಿನ ಬಾಗಿಲು ತೆರೆದದ್ದೇ ತಡ, ಹೊಗೆ ಮೂಗಿಗೆ ಹೊಡೆಯಿತು. ಎಲ್ಲರೂ ಕೆಮ್ಮಿದರು. ನಾನು ಕೆಮ್ಮಲು ಮರೆತು ನಿಂತುಬಿಟ್ಟೆ. ಈ ವಾಸನೆಯನ್ನು ನಾನು ಸಮುದ್ರದಾಚೆಯ ಒಂದು ಬೆಟ್ಟದ ನೆತ್ತಿಯಲ್ಲಿ, ಅಪ್ಪಾಸಾಹೇಬನ ಪಕ್ಕದಲ್ಲಿ ಕುಳಿತು ಉಸಿರಾಡಿದ್ದೆ.

ಅಪ್ಪಾಸಾಹೇಬ ಸಮಡೋಳಿಯ ಜೈನರವನು, ಅರಿಸಿನ ಬೆಳೆಯುವವನು, ನನ್ನ ಶಾಲೆಯ ಗೆಳೆಯ. ಧರ್ಮದ ವಿಷಯದಲ್ಲಿ ಬಹಳ ಉದಾರಿ. ಮನೆಯ ಧರ್ಮವನ್ನೆಲ್ಲ ಹೆಂಡತಿ ಪದ್ಮಾವಹಿನಿಗೆ ವಹಿಸಿಕೊಟ್ಟು, ತಾನು ಕತ್ತಲಾದ ಮೇಲೆ ಮಿರಜ ಸ್ಟೇಷನ್ನಿನ ಎದುರು ನಿಂತು ಭೇಳ ತಿನ್ನುತ್ತಿದ್ದ. ಪದ್ಮಾವಹಿನಿಯ ನೇಮಗಳಲ್ಲಿ ಒಂದು ಬಲು ಕಠಿಣ: ಕಣ್ಣಾರೆ ಸೂರ್ಯನನ್ನು ಕಾಣದೆ ನೀರು ಮುಟ್ಟುವಂತಿಲ್ಲ. ಬೇಸಿಗೆಯಲ್ಲಿ ಇದಕ್ಕೇನೂ ತೊಂದರೆಯಿಲ್ಲ. ಮಳೆಗಾಲದಲ್ಲಿ ಮಾತ್ರ ಆಕೆ ಮಾಳಿಗೆಯ ಮೇಲೆ ಕೊಡೆ ಹಿಡಿದು, ಕಚೇರಿಯ ಬಾಗಿಲಲ್ಲಿ ಸಾಹೇಬರಿಗಾಗಿ ಕಾಯುವವರ ಹಾಗೆ ಆಕಾಶ ನೋಡುತ್ತ ನಿಂತಿರುತ್ತಿದ್ದರು.

ಆಕೆ ತೀರಿಕೊಂಡ ಮೇಲೆ ಅಪ್ಪಾಸಾಹೇಬ ಮಾತೇ ಬಿಟ್ಟ. ಕಣ್ಣೀರನ್ನೂ ಹಾಕಲಿಲ್ಲ. ಅವನನ್ನು ಮನೆಯಿಂದ ಹೊರಗೆಳೆಯಲೇಬೇಕೆಂದು ನಾನೂ, ಮಿರಜದಲ್ಲಿ ಬಟ್ಟೆ ಅಂಗಡಿ ಇಟ್ಟ ಮಲ್ಲಪ್ಪನೂ ಬಾಲಿಯ ಪ್ರವಾಸಕ್ಕೆ ಹೊರಡಿಸಿಕೊಂಡು ಹೋದೆವು. ದುಃಖಿತನನ್ನು ಉರಿಯುವ ಬೆಟ್ಟದ ಮೇಲೆ ಹತ್ತಿಸಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ. ಪ್ರವಾಸದ ಕಂಪನಿಯವರ ಕಾರ್ಯಕ್ರಮದಲ್ಲಿತ್ತು.

ಕೃಷ್ಣೆಯ ಘಾಟಿನ ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿದುಕೊಳ್ಳುವ ಮೂವರು ಮಹಾಶಯರು ನಸುಕಿನಲ್ಲಿ ಆ ಬೆಟ್ಟ ಹತ್ತತೊಡಗಿದೆವು. ಕರಿ ಮರಳಿನಂಥ ನೆಲ. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತಿತ್ತು. ನಾವಿಬ್ಬರೂ ಘಳಿಗೆಗೊಮ್ಮೆ ಬಾಟಲಿ ಎತ್ತುತ್ತಿದ್ದರೆ ಅಪ್ಪಾಸಾಹೇಬ ನೀರು ಮುಟ್ಟಲೇ ಇಲ್ಲ.

"ಲೇ, ಸ್ಟೇಷನ್ ಮುಂದ ನಿಂತು ಭೇಳ ತಿಂದಾಂವಾ ನೀ. ಇಲ್ಲಿ ಬಂದು ಮುನಿ ಆದಿ ಏನು?" ಎಂದ ಮಲ್ಲಪ್ಪ.

"ಸೂರ್ಯ ಕಾಣ್ಲಿ, ಕುಡಿತೇನಿ."

"ಯಾವಾಗಿಂದಪಾ ಇದು?"

ಅಪ್ಪಾಸಾಹೇಬ ನಾಲ್ಕು ಹೆಜ್ಜೆ ನಡೆದು ಹೇಳಿದ: "ಅಕಿ ಇದ್ದಾಗ ಈ ನೇಮಾ ಅಕಿ ಹಿಡಿತಿದ್ಲು. ಈಗ ಮನ್ಯಾಗ ಯಾರ ಹಿಡೀಬೇಕು?"

ಮಲ್ಲಪ್ಪ ಎತ್ತಿದ ಬಾಟಲಿಯನ್ನು ಕುಡಿಯದೆ ಚೀಲಕ್ಕೆ ಸೇರಿಸಿದ. ಅವನ ಆಯುಷ್ಯದಲ್ಲಿ ಇದು ಅಪರೂಪದ ಘಟನೆ.

ನೆತ್ತಿಯಲ್ಲಿ ಬಂಡೆಯ ಬಿರುಕುಗಳಿಂದ ಗಂಧಕದ ವಾಸನೆಯ ಹಬೆ ಏಳುತ್ತಿತ್ತು. ದಾರಿ ತೋರಿಸಲು ಬಂದವನು ಅದರಲ್ಲೇ ಮೊಟ್ಟೆ ಬೇಯಿಸಲು ಇಟ್ಟ. ಅಪ್ಪಾಸಾಹೇಬ ಲೋಕದ ಸಮಸ್ತ ಕೋಳಿಗಳ ಪರವಾಗಿ ಕಣ್ಣು ಮುಚ್ಚಿಕೊಂಡ. ಬೆಳಕೇನೋ ಹರಿಯಿತು, ಸೂರ್ಯ ಕಾಣಲಿಲ್ಲ. ಮೇಲೆ ಮೋಡ, ಸುತ್ತ ಹಬೆ. ಎಷ್ಟು ಹೊತ್ತು ಕಾದರೂ ಅದೇ. ಅಪ್ಪಾಸಾಹೇಬನ ತುಟಿ ಒಣಗಿ ಬಿಳಿಚಿತ್ತು, ಆ ಚಳಿಯಲ್ಲೂ ಹಣೆ ಬೆವತಿತ್ತು. ಅವನಿಗೆ ಸಕ್ಕರೆ ಕಾಯಿಲೆ. ಇವನನ್ನು ಕೆಳಗೆ ಹೇಗೆ ಒಯ್ಯುವುದೆಂದು ಇಳಿಜಾರಿನ ಕಡೆ ನೋಡಿದೆ.

"ಕಾಣ್ತು ನೋಡೋ," ಎಂದೆ.

ಅವನು ಕಣ್ಣು ತೆರೆದ. "ಎಲ್ಲಿ?"

"ಈಗ ಮೋಡದಾಗ ಹೋತು. ನೀ ಕಣ್ಣು ಮುಚ್ಚಿದ್ದಿ."

"ನೀ ನೋಡ್ದಿ?"

"ನೋಡ್ದೆ."

"ನಾನೂ ನೋಡ್ದೆ," ಎಂದ ಮಲ್ಲಪ್ಪ, ತನ್ನ ಬಟ್ಟೆ ಬಣ್ಣ ಬಿಡುವುದಿಲ್ಲ ಎಂದು ಆಣೆ ಮಾಡುವ ದನಿಯಲ್ಲಿ.

ಅಪ್ಪಾಸಾಹೇಬ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಬಾಟಲಿ ತೆಗೆದುಕೊಂಡು ಕುಡಿದ. ಅರ್ಧ ನೀರು ಎದೆಯ ಮೇಲೆ ಹರಿಯಿತು.

"ಒಂದು ಮಳಿಗಾಲದಾಗ ಅಕಿಗೆ ಚಕ್ಕರ್ ಬಂದಿತ್ತು," ಎಂದ. "ನಾನೂ ಹಿಂಗ ಹೇಳಿದ್ದೆ. ಈಗ ಬಂದು ಹೋತು, ನೀ ಅಡಗಿಮನ್ಯಾಗ ಇದ್ದಿ ಅಂತ. ಅಕಿ ನನ್ನ ಮಾರಿ ನೋಡಿದ್ಲು. ನೀರು ಕುಡಿದ್ಲು. ಮೋಸ ಮಾಡಿ ಗೆದ್ದೆ ಅಂತ ನಾ ಇಷ್ಟು ವರ್ಷ ತಿಳ್ಕೊಂಡಿದ್ನೋ."

"ಅಕಿಗೆ ಗೊತ್ತಿತ್ತು," ಎಂದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಕುಳಿತ ಕಲ್ಲು ರೊಟ್ಟಿ ತೆಗೆದ ಹಂಚಿನ ಹಾಗೆ ಬೆಚ್ಚಗಿತ್ತು. ಮೊಟ್ಟೆ ತಿನ್ನುವವರೆಲ್ಲ ಇಳಿದು ಹೋಗುವ ತನಕ ನಾವಿಬ್ಬರೂ ಅವನ ಅಕ್ಕಪಕ್ಕ ಕುಳಿತೆವು.

ಕಳೆದ ಮಳೆಗಾಲದಲ್ಲಿ ಅಪ್ಪಾಸಾಹೇಬನೂ ಹೋದ. ಕೊನೆಯ ತನಕ ಆ ನೇಮ ಬಿಡಲಿಲ್ಲ. ನಾನು ಲಿಂಗ ಕಟ್ಟಿಕೊಂಡವನು. ಅವನ ನೇಮಕ್ಕೂ ನನ್ನ ಕುಲಕ್ಕೂ ಸಂಬಂಧವಿಲ್ಲ, ನನ್ನ ಹೊಟ್ಟೆಗಂತೂ ಇಲ್ಲವೇ ಇಲ್ಲ. ಆದರೂ ಇಂದು ಆ ಶೆಡ್ಡಿನಿಂದ ಹೊರಗೆ ಬಂದು ನಿಂತಾಗ, ಹೆಂಡತಿ ತವರುಮನೆಯಿಂದ ತಂದುಕೊಟ್ಟ ಚಹಾದ ಲೋಟ ಕೈಯಲ್ಲೇ ಉಳಿಯಿತು. ಮೇಲೆ ನೋಡಿದೆ. ಅಕಾಲದ ಮೋಡ.

"ಏನ್ರಿ, ಚಹಾ ಕುಡೀವಲ್ರಿ?" ಎಂದಳು.

"ಕುಡಿತೇನಿ, ತಡಿ."

ಬೆಟ್ಟದ ಕತೆಯನ್ನು ಅವಳಿಗೆ ಒಮ್ಮೆ ಹೇಳಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ನನ್ನ ಬೆನ್ನ ಹಿಂದಿನ ಆಕಾಶವನ್ನು ಒಂದು ಕ್ಷಣ ನೋಡಿದಳು.

"ಈಗ ಬಂದು ಹೋತ್ರಿ. ನೀವು ಈ ಕಡೆ ತಿರುಗಿದ್ರಿ. ಕುಡೀರಿ, ಆರತೈತಿ."

ನಾನು ಅವಳ ಮುಖ ನೋಡಿದೆ. ಚಹಾ ಕುಡಿದೆ.